ಬಲಗಡೆಯ ಬಟನ್

ಆಯ್ತಪ್ಪ ಅನ್ನುವ ಹೆಸರನ್ನು ಅವನಿಗೆ ಇಟ್ಟವರು ಹೆತ್ತವರಲ್ಲ, ಆಫೀಸಿನವರು. ಯಾರು ಏನು ಹೇಳಿದರೂ, ಹೇಳಿದವರು ಬಾಯಿ ಮುಚ್ಚುವ ಮೊದಲೇ "ಆಯ್ತಪ್ಪ" ಎಂದುಬಿಡುವುದು ಅವನ ಅಭ್ಯಾಸ. ಅದು ಒಪ್ಪಿಗೆಯ ಮಾತಲ್ಲ, ಹೆದರಿಕೆಯ ಮಾತು. ಎದುರಿಗಿದ್ದವರ ಹುಬ್ಬು ಒಂಚೂರು ಮೇಲೇರಿದರೆ ಸಾಕು, ಇವನ ತಲೆ ತಾನಾಗಿಯೇ ಹೌದೆಂದು ಆಡುತ್ತಿತ್ತು. ಕರೆಗಂಟೆಗೆ ಹೆದರುತ್ತಿದ್ದ, ಬ್ಯಾಂಕಿನ ಮೆಸೇಜಿಗೆ ಹೆದರುತ್ತಿದ್ದ, ಲಿಫ್ಟಿನಲ್ಲಿ ಗುರುತಿಲ್ಲದವರು ನಕ್ಕರೆ ತನ್ನ ಮಹಡಿಗೆ ಮುಂಚೆಯೇ ಇಳಿದು ಮೆಟ್ಟಿಲು ಹತ್ತುತ್ತಿದ್ದ. ಇಂಥವನ ಕೈಯಿಂದ ಒಂದು ಅನಾಹುತ ಆಗುವುದಾದರೆ ಅದು ಧೈರ್ಯದಿಂದ ಆಗುವ ಹಾಗಿರಲಿಲ್ಲ. ಹೆದರಿಕೆಯಿಂದಲೇ ಆಯಿತು.

ಅವನ ಕಂಪನಿ ವ್ಯಾಪಾರಸ್ಥರಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಿತ್ತು. ಲೆಕ್ಕಪತ್ರಕ್ಕೆ ಒಂದು, ಹಾಜರಿ ಮತ್ತು ಸಂಬಳಕ್ಕೆ ಒಂದು, ಗೋದಾಮಿಗೆ ಒಂದು. ಮೂರನೆಯದು ಯಾವುದೋ ಸಣ್ಣ ಕಂಪನಿಯಿಂದ ಕೊಂಡು ತಂದದ್ದು. ಅದರ ಪರದೆಯ ಮೇಲೆ ಇನ್ನೂ ಹಳೇ ಹೆಸರೇ ಇತ್ತು. ಮೂರೂ ಒಂದೇ ಮನೆಯ ಮಕ್ಕಳು ಅಂತ ನೋಡಿದವರು ಯಾರೂ ಹೇಳುವಂತಿರಲಿಲ್ಲ. ಒಂದು ನೀಲಿ, ಒಂದು ಹಸಿರು, ಒಂದು ಇಟ್ಟಿಗೆ ಬಣ್ಣ. ಒಂದರಲ್ಲಿ 'ಉಳಿಸಿ' ಅಂತಿದ್ದ ಬಟನ್ ಇನ್ನೊಂದರಲ್ಲಿ 'ಸಲ್ಲಿಸಿ', ಮತ್ತೊಂದರಲ್ಲಿ 'ಖಚಿತ'.

ದೊಡ್ಡ ಸಾಹೇಬರು ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು, ಇನ್ನು ಮೇಲೆ ನಮ್ಮ ಸಾಫ್ಟ್‌ವೇರೆಲ್ಲ ನೋಡಲು ಒಂದೇ ಥರ ಇರಬೇಕು, ಅಕ್ಷರಕ್ಕೆ, ಬಣ್ಣಕ್ಕೆ, ಬಟನ್ನಿಗೆ ಎಲ್ಲಕ್ಕೂ ಒಂದೇ ಕಟ್ಟಳೆ ಆಗಬೇಕು, ಇದಕ್ಕೆ ಡಿಸೈನ್ ಸಿಸ್ಟಂ ಅನ್ನುತ್ತಾರೆ, ಯಾರು ವಹಿಸಿಕೊಳ್ಳುತ್ತೀರಿ ಎಂದು ಕೇಳಿದರು. ಜಾಣರೆಲ್ಲ ನೀರಿನ ಬಾಟಲಿಯ ಮೇಲಿನ ಚೀಟಿ ಓದತೊಡಗಿದರು. ಆಯ್ತಪ್ಪನ ಮುಂದೆ ಬಾಟಲಿ ಇರಲಿಲ್ಲ. ಎಲ್ಲಿ ನೋಡಬೇಕೋ ತಿಳಿಯದೆ ಅವನು ಸಾಹೇಬರ ಮುಖವನ್ನೇ ನೋಡಿಬಿಟ್ಟ. ಸಾಹೇಬರ ಹುಬ್ಬು ಮೇಲೇರಿತು. ಮುಂದಿನದು ಹೇಳಬೇಕಾಗಿಲ್ಲ.

ಹೀಗೆ ಆಯ್ತಪ್ಪ ಏಕರೂಪ ವಿಭಾಗದ ಮುಖ್ಯಸ್ಥನಾದ. ಆ ವಿಭಾಗದಲ್ಲಿ ಅವನನ್ನು ಬಿಟ್ಟರೆ ಒಂದು ಕುರ್ಚಿ ಇತ್ತು.

ಸಂಜೆ ಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳುವಾಗ ಅವನಿಗೆ ಸ್ವಲ್ಪ ಅತಿಯಾಯಿತು. ಮನೆಯೊಂದೇ ಅವನು ಹೆದರದೆ ಮಾತಾಡುವ ಜಾಗ. ಇನ್ನು ನನ್ನ ಒಪ್ಪಿಗೆ ಇಲ್ಲದೆ ಇಡೀ ಕಂಪನಿಯಲ್ಲಿ ಒಂದು ಬಟನ್ ಅಲುಗಾಡುವ ಹಾಗಿಲ್ಲ ಎಂದ. ಅವಳಿಗೆ ನಿಜವಾಗಿಯೂ ಹೆಮ್ಮೆಯಾಯಿತು. ಮೇಲಿನ ಮನೆಯ ಕಾರ್ಯದರ್ಶಿಯವರಿಗೆ, ಅಂದರೆ ಆ ಕಟ್ಟಡದ ಆಗುಹೋಗು ನೋಡಿಕೊಳ್ಳುವ ಹಿರಿಯರಿಗೆ, ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದಳು. ತನ್ನ ಅಪ್ಪನಿಗೆ ಫೋನ್ ಮಾಡಿ ಹೇಳಿದಳು. ಅಪ್ಪ ನಿವೃತ್ತ ಜೈಲರು. ಅಳಿಯ ಇಷ್ಟು ವರ್ಷಕ್ಕೆ ಒಂದು ಶಿಸ್ತಿನ ಕೆಲಸಕ್ಕೆ ಸೇರಿದನಲ್ಲ ಎಂದು ಅವರು ಸಂತೋಷಪಟ್ಟರಂತೆ.

ಹೆಂಡತಿಯ ವಿಷಯ ಇಲ್ಲೇ ಹೇಳಿಬಿಡಬೇಕು. ಅವಳು ಒಂದು ದೊಡ್ಡ ಕನ್ನಡಿ ಅಂಗಡಿಯ ಗೋದಾಮಿನ ಉಸ್ತುವಾರಿ. ಗಂಡ ಯಾವುದಕ್ಕೆಲ್ಲ ಹೆದರುತ್ತಿದ್ದನೋ ಅದಕ್ಕೆಲ್ಲ ಅವಳು ಹೆದರದೆ ಇರುವ ಹೆಣ್ಣು. ಮೂಟೆ ಹೊರುವವರೂ ಲಾರಿಯವರೂ ಅವಳ ಮುಂದೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಕೆಲಸಕ್ಕೆ ಸೇರಿದಂದಿನಿಂದ ಅವಳ ಕೈಯಲ್ಲಿ ಒಂದು ಕನ್ನಡಿ ಒಡೆದಿರಲಿಲ್ಲ, ಒಂದು ಆರ್ಡರ್ ತಪ್ಪಿರಲಿಲ್ಲ. ಅಲ್ಲಿ ಯಾವ ಸಾಫ್ಟ್‌ವೇರ್ ಬಳಸುತ್ತೀ ಎಂದು ಆಯ್ತಪ್ಪ ಯಾವತ್ತೂ ಕೇಳಿರಲಿಲ್ಲ. ಅವಳೂ ಅದನ್ನು 'ಆ ಕಂಪ್ಯೂಟರು' ಎನ್ನುತ್ತಿದ್ದಳೇ ಹೊರತು ಅದಕ್ಕೊಂದು ಹೆಸರಿದೆ ಎಂದು ಗಮನಿಸಿರಲಿಲ್ಲ.

ಆಫೀಸಿನಲ್ಲಿ ಆಯ್ತಪ್ಪ ಏಕರೂಪ ತರಲು ಹೊರಟ. ಮೊದಲು ಲೆಕ್ಕಪತ್ರ ವಿಭಾಗದ ಮೇಡಂ ಹತ್ತಿರ ಹೋದ. ಅವರು ಕನ್ನಡಕದ ಮೇಲಿಂದ ನೋಡಿ, ಬಣ್ಣ ನೀಲಿಯೇ ಇರತಕ್ಕದ್ದು ಎಂದರು. ಆಯ್ತು ಎಂದ. ಹಾಜರಿ ವಿಭಾಗದ ಮುಖ್ಯಸ್ಥರು, ಮೇಜಿಗೆ ಪೆನ್ನು ಕುಟ್ಟುತ್ತಾ, ಹಸಿರು ಬಿಟ್ಟರೆ ಈ ವಿಭಾಗದಲ್ಲಿ ಯಾರೂ ಒಪ್ಪಲ್ಲ ಎಂದರು. ಅದಕ್ಕೂ ಆಯ್ತು ಎಂದ. ಗೋದಾಮು ವಿಭಾಗದ ಮುಖ್ಯಸ್ಥರು ಮೊಣಕಾಲು ಆಪರೇಷನ್ ಮಾಡಿಸಿಕೊಂಡು ರಜೆಯಲ್ಲಿದ್ದರೂ ಆಸ್ಪತ್ರೆಯ ಹಾಸಿಗೆಯಿಂದಲೇ ಫೋನ್ ಮಾಡಿ, ಇಟ್ಟಿಗೆ ಬಣ್ಣ ಮುಟ್ಟಬೇಡಿ ಎಂದರು. ಯಾರಿಗೂ ಇಲ್ಲ ಎನ್ನಲಾರದೆ ಆಯ್ತಪ್ಪ ಮೂರೂ ಬಣ್ಣ ಕಲೆಸಿದ. ಅದು ಪಾತ್ರೆ ತೊಳೆದ ನೀರಿನ ಬಣ್ಣವಾಯಿತು. ಮೂವರೂ ಅದರಲ್ಲಿ ತಮ್ಮ ತಮ್ಮ ಬಣ್ಣವನ್ನು ಗುರುತಿಸಿ, ತಾವೇ ಗೆದ್ದೆವೆಂದುಕೊಂಡು ಸುಮ್ಮನಾದರು.

ಬಟನ್ನಿನ ಹೆಸರನ್ನು ಮೂರರಲ್ಲೂ 'ಖಚಿತ' ಎಂದೇ ಮಾಡಿದ. ಅದರ ಜಾಗವನ್ನು ಮಾತ್ರ ಕಲೆಸಲು ಬರುವುದಿಲ್ಲ. ಅದು ಎಡಕ್ಕಿರಬೇಕು, ಇಲ್ಲವೇ ಬಲಕ್ಕಿರಬೇಕು. ಲೆಕ್ಕಪತ್ರದಲ್ಲಿಯೂ ಹಾಜರಿಯಲ್ಲಿಯೂ 'ಖಚಿತ' ಬಲಗಡೆ, 'ರದ್ದು' ಎಡಗಡೆ. ಗೋದಾಮಿನಲ್ಲಿ ತಿರುಗುಮುರುಗು: 'ಖಚಿತ' ಎಡಕ್ಕೆ, 'ರದ್ದು' ಬಲಕ್ಕೆ. ಮೇಡಂ ಎದುರಿಗೇ ಇದ್ದರು, ಗೋದಾಮಿನವರು ಮೊಣಕಾಲು ಮಡಿಸಲಾರದೆ ದೂರದಲ್ಲಿದ್ದರು. ಯಾರಿಗೆ ಹೆಚ್ಚು ಹೆದರಬೇಕು ಎಂಬ ಲೆಕ್ಕ ಆಯ್ತಪ್ಪನಿಗೆ ಚೆನ್ನಾಗಿ ಬರುತ್ತಿತ್ತು. ಗೋದಾಮಿನ ಎರಡು ಬಟನ್ನುಗಳನ್ನು ಅದಲುಬದಲು ಮಾಡಿದ. ಅಷ್ಟೇ ಅಲ್ಲ, ಗೋದಾಮಿನಲ್ಲಿ 'ಖಚಿತ' ಒತ್ತಿದ ಮೇಲೆ "ನಿಜವಾಗಿಯೂ ಆರ್ಡರ್ ಹಾಕಬೇಕೇ?" ಎಂದು ಇನ್ನೊಮ್ಮೆ ಕೇಳುವ ಸಣ್ಣ ಪೆಟ್ಟಿಗೆಯೊಂದು ಬರುತ್ತಿತ್ತು. ನಮ್ಮ ಗಿರಾಕಿಗಳೇನು ಮಕ್ಕಳಾ, ಎರಡೆರಡು ಸಲ ಕೇಳೋದಕ್ಕೆ ಎಂದರು ಮೇಡಂ. ಆಯ್ತು ಎಂದು ಅದನ್ನೂ ತೆಗೆದ.

ಹೊಸ ರೂಪ ಗಿರಾಕಿಗಳಿಗೆ ಹೋಯಿತು. ಆ ವಾರವೆಲ್ಲ ಆಯ್ತಪ್ಪ ಫೋನ್ ರಿಂಗಾದಾಗಲೆಲ್ಲ ಬೆಚ್ಚಿದ. ಯಾರೂ ಬೈಯಲಿಲ್ಲ. ಯಾರೂ ಬೈಯದಿರುವುದು ಇನ್ನೂ ಭಯಂಕರ ಎನ್ನಿಸಿತು ಅವನಿಗೆ.

ಒಂದು ಸಂಜೆ ಹೆಂಡತಿ ತಡವಾಗಿ ಬಂದಳು. ಚಪ್ಪಲಿ ಬಿಡದೆ ಕುರ್ಚಿಯ ಮೇಲೆ ಕೂತಳು. ಅಂಗಡಿಗೆ ಒಂದು ಲಾರಿ ನಿಲುಗನ್ನಡಿ ಬಂದು ಇಳಿದಿದೆ, ಆಳೆತ್ತರದವು, ಯಾರೂ ತರಿಸಿದ್ದಲ್ಲ, ಆದರೆ ಕಂಪ್ಯೂಟರಿನಲ್ಲಿ ತನ್ನ ಹೆಸರಿನಲ್ಲೇ ಆರ್ಡರ್ ಇದೆ ಎಂದಳು. ತಾನು ದಿನಾ ಮಾಡುವಂತೆ ದೊಡ್ಡ ಸಂಖ್ಯೆ ಹಾಕಿ ದರ ಎಷ್ಟಾಗುತ್ತದೆ ನೋಡಿದ್ದಳು, ದರ ನೋಡಿದ ಮೇಲೆ ರದ್ದು ಮಾಡಿದ್ದಳು. ರದ್ದು ಮಾಡಿದ್ದು ಚೆನ್ನಾಗಿ ನೆನಪಿದೆ. ಆದರೆ ನಿಜವಾಗಿ ಬೇಕಾಗಿದ್ದ ಮೊಳೆ ಮತ್ತು ಕೊಕ್ಕೆ ಮಾತ್ರ ಬಂದೇ ಇಲ್ಲ. ಕೇಳಿದರೆ ನೀವೇ ರದ್ದು ಮಾಡಿದ್ದೀರಿ ಎನ್ನುತ್ತಾರೆ.

"ಆ ದರಿದ್ರ ಬಣ್ಣ ಬಂದಾಗಿಂದ ಹೀಗೇರೀ" ಎಂದಳು. "ಪಾತ್ರೆ ತೊಳೆದ ನೀರಿನ ಹಾಗಿದೆ ಈಗ ಅದು."

ಆಯ್ತಪ್ಪ ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲೆ ಇಡಲು ಹೋಗಿ, ಮೇಜು ಇರುವ ಜಾಗಕ್ಕಿಂತ ಒಂದು ಗೇಣು ಈಚೆಗೆ ಇಟ್ಟ.

ನೆಲ ಒರೆಸುತ್ತಾ ಅವನು ಎಲ್ಲವನ್ನೂ ಅರ್ಥ ಮಾಡಿಕೊಂಡ. ಅವಳ ಕೈ ಎಷ್ಟೋ ವರ್ಷದಿಂದ ಬಲಕ್ಕೆ ಹೋಗಿ ರದ್ದು ಮಾಡುತ್ತಿತ್ತು, ಎಡಕ್ಕೆ ಹೋಗಿ ಖಚಿತ ಮಾಡುತ್ತಿತ್ತು. ಕೈಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ. ಕಣ್ಣಿಟ್ಟು ಓದಿ ಒತ್ತಿದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಲಾರಿಯವನ ಜೊತೆ ಮಾತಾಡುತ್ತಾ ಒತ್ತಿದಾಗ ಮಾತ್ರ ಬೇಕಾದದ್ದು ಹೋಗುತ್ತಿತ್ತು, ಬೇಡವಾದದ್ದು ಬರುತ್ತಿತ್ತು. ಬಟನ್ ಜಾಗ ಬದಲಾಗಿದೆ ಎಂದು ಅವಳಿಗೆ ಹೊಳೆಯುವುದೂ ಸಾಧ್ಯವಿರಲಿಲ್ಲ. ಯಾಕೆಂದರೆ ಮೊದಲು ಅದು ಎಲ್ಲಿತ್ತು ಎಂದು ಅವಳು ನೋಡಿಯೇ ಇರಲಿಲ್ಲ. ಇದನ್ನು ತಿಳಿದವನು ಒಬ್ಬನೇ, ಅವನು ಒದ್ದೆ ಬಟ್ಟೆ ಹಿಡಿದು ನೆಲದ ಮೇಲೆ ಕೂತಿದ್ದ.

ಈಗಲೇ ಹೇಳಿಬಿಡೋಣ ಎಂದು ತಲೆ ಎತ್ತಿದ. ಅವಳು ಹೇಳಿದಳು: "ಇದನ್ನ ಮಾಡಿದವನ ಮುಖ ಒಂದು ಸಲ ನೋಡಬೇಕು ನಾನು."

ಆಯ್ತಪ್ಪ ಮತ್ತೆ ಒರೆಸತೊಡಗಿದ. ಆ ಮೂಲೆ ಆಗಲೇ ಒಣಗಿತ್ತು.

ಮಾರನೆಯ ವಾರ ಇನ್ನೊಂದು ಲಾರಿ ಬಂತು. ಅಂಗಡಿಯ ಯಜಮಾನರು ಗೋದಾಮಿನಲ್ಲಿ ಕಾಲಿಡಲು ಜಾಗವಿಲ್ಲ, ನೀನೇ ತರಿಸಿದ್ದು ನೀನೇ ಎಲ್ಲಾದರೂ ಇಡು ಎಂದರು. ಅವಳು ಕಾರ್ಯದರ್ಶಿಯವರನ್ನು ಕೇಳಿಕೊಂಡು ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ನಿಲುಗನ್ನಡಿಗಳನ್ನು ಸಾಲಾಗಿ ಇಳಿಸಿದಳು. ಮೊದಲ ದಿನ ಕಟ್ಟಡದವರಿಗೆಲ್ಲ ಖುಷಿಯಾಯಿತು. ಆಫೀಸಿಗೆ ಹೋಗುವವರು ನಿಂತು ತಲೆ ಬಾಚಿಕೊಂಡರು, ಕಾರ್ಯದರ್ಶಿಯವರು ಹೊಟ್ಟೆ ಒಳಗೆಳೆದುಕೊಂಡು ಪಕ್ಕದಿಂದ ನೋಡಿಕೊಂಡರು. ಎರಡನೆಯ ದಿನ ಎದುರು ಮನೆಯ ನಾಯಿ ಇಳಿದು ಬಂದು ತನ್ನಂಥದೇ ಒಂದು ಹಿಂಡು ನಾಯಿಗಳನ್ನು ಕಂಡು ಬೊಗಳಲು ಶುರುಮಾಡಿ, ಗಂಟಲು ಕಟ್ಟುವ ತನಕ ನಿಲ್ಲಿಸಲಿಲ್ಲ. ಕಾರನ್ನು ಹಿಂದಕ್ಕೆ ತೆಗೆಯುವವರು ತಮ್ಮದೇ ಕಾರು ಹಿಂದಿನಿಂದ ಬಂತೆಂದು ಬ್ರೇಕ್ ಒತ್ತಿ ಒತ್ತಿ ಸುಸ್ತಾದರು. ಮೂರನೆಯ ಮಹಡಿಯ ಅಜ್ಜಿ ಲಿಫ್ಟಿನಿಂದ ಇಳಿದವರು, ಇಷ್ಟೊಂದು ಜನ ಮುದುಕಿಯರು ಯಾಕೆ ಬಂದಿದ್ದಾರೆ ಎಂದು ಕೇಳಿ ವಾಪಸು ಮೇಲೆ ಹೋದರು.

ಆಯ್ತಪ್ಪನಿಗೆ ಆ ಜಾಗ ದಾಟುವುದೇ ಒಂದು ಶಿಕ್ಷೆ. ಬೆಳಗ್ಗೆ ಕೆಳಗಿಳಿದರೆ ಒಂದು ಸಾಲು ಆಯ್ತಪ್ಪಂದಿರು, ಎಲ್ಲರೂ ಬೆವರಿದವರು, ಎಲ್ಲರ ಕಣ್ಣೂ ಅವನ ಮೇಲೆ. ಅವನು ನೆಲ ನೋಡಿಕೊಂಡು ಓಡುತ್ತಿದ್ದ. ಅವರೂ ಓಡುತ್ತಿದ್ದರು.

ಆಫೀಸಿನಲ್ಲಿ ಇದಕ್ಕಿಂತ ದೊಡ್ಡ ಗಂಡಾಂತರ ಕಾದಿತ್ತು. ದೊಡ್ಡ ಸಾಹೇಬರು ಅವನನ್ನು ಕರೆದು, ಎದ್ದು ನಿಂತು ಕೈ ಕುಲುಕಿದರು. ಹೊಸ ರೂಪ ಬಂದ ಮೇಲೆ ಗೋದಾಮಿನ ಸಾಫ್ಟ್‌ವೇರಿನಲ್ಲಿ 'ಖಚಿತ' ಒತ್ತುವವರ ಸಂಖ್ಯೆ ಆಕಾಶಕ್ಕೇರಿದೆಯಂತೆ. ಎಲ್ಲ ಊರಿನ ವ್ಯಾಪಾರಸ್ಥರೂ ಹಿಂದೆಂದೂ ಇಲ್ಲದಷ್ಟು ಆರ್ಡರ್ ಹಾಕುತ್ತಿದ್ದಾರಂತೆ. ಇದೇ ನೋಡಿ ಡಿಸೈನಿನ ಶಕ್ತಿ ಎಂದರು ಸಾಹೇಬರು. ಆಯ್ತಪ್ಪನಿಗೆ ವರ್ಷದ ಅತ್ಯುತ್ತಮ ನೌಕರ ಎಂಬ ಪ್ರಶಸ್ತಿ ಘೋಷಿಸಿ, ಫೋಟೋ ತೆಗೆಸಿದರು. ಆ ಫೋಟೋದಲ್ಲಿ ಅವನ ಮುಖ ಹಲ್ಲು ಕೀಳಿಸಿಕೊಳ್ಳಲು ಕೂತವನ ಮುಖದ ಹಾಗೆ ಬಂತು. ಎಲ್ಲ ಊರಿನ ವ್ಯಾಪಾರಸ್ಥರೂ ಎಂಬ ಮಾತು ಅವನ ಕಿವಿಯಲ್ಲಿ ಲಾರಿಯ ಹಾರನ್ನಿನಂತೆ ಕೂಗುತ್ತಿತ್ತು. ಹಾಗಾದರೆ ಎಲ್ಲೆಲ್ಲೋ ಏನೇನೋ ಬಂದಿಳಿಯುತ್ತಿದೆ. ಯಾರ್ಯಾರ ಮನೆಯ ಮುಂದೋ ಬೇಡದ ಬಕೆಟ್ಟು, ಬೇಡದ ಸಿಮೆಂಟು, ಬೇಡದ ಟೈರು.

ಮನೆಯಲ್ಲಿ ಹೆಂಡತಿ ಪ್ರಶಸ್ತಿಯ ಸುದ್ದಿ ಕೇಳಿ ನಕ್ಕಳು. ಆದರೆ ಆ ನಗು ಅವಳದಾಗಿರಲಿಲ್ಲ. ಅವಳು ಈಚೆಗೆ ಬಾಗಿಲಿಗೆ ಬೀಗ ಹಾಕಿ, ನಾಲ್ಕು ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುತ್ತಿದ್ದಳು. ಒಲೆ ಆರಿಸಿದ ಮೇಲೆ ಆರಿಸಿದೆನಾ ಎಂದು ಅವನನ್ನು ಕೇಳುತ್ತಿದ್ದಳು. ಕಣ್ಣಿನ ಡಾಕ್ಟರಿಗೆ ತೋರಿಸಿ ಬಂದಳು, ಕಣ್ಣು ಸರಿಯಿದೆ ಎಂದರಂತೆ. ಹಾಗಾದರೆ ತಲೆಯದೇ ಇರಬೇಕು ಎಂದಳು. ಅವಳು ಹೆದರಿದ್ದನ್ನು ಆಯ್ತಪ್ಪ ಮದುವೆಯಾದ ಮೇಲೆ ಮೊದಲ ಸಲ ನೋಡಿದ. ತನ್ನ ಹೆದರಿಕೆ ಅವನಿಗೆ ಹಳೆಯ ಚಪ್ಪಲಿಯಷ್ಟು ರೂಢಿಯಾಗಿತ್ತು. ಅವಳದನ್ನು ನೋಡಿ ತಾಳಿಕೊಳ್ಳಲು ಅವನಿಗೆ ಬರಲಿಲ್ಲ. ಬೀಗ ಎಳೆದು ನೋಡುವ ಆ ಕೈಯನ್ನು ಹಿಡಿದು ಹೇಳಿಬಿಡಬೇಕೆಂದು ದಿನಾ ಬಾಯಿ ತೆರೆಯುತ್ತಿದ್ದ. ದಿನಾ ಉಪ್ಪು ಎಲ್ಲಿದೆ ಎಂದೋ, ಇವತ್ತು ಸೆಕೆ ಎಂದೋ ಹೇಳಿ ಮುಚ್ಚುತ್ತಿದ್ದ.

ಅಷ್ಟರಲ್ಲಿ ಮಾವ ಬಂದರು. ಬಂದವರೇ ಕೆಳಗೆ ಕನ್ನಡಿಗಳ ನಡುವೆ ಕೈ ಹಿಂದೆ ಕಟ್ಟಿ ಒಂದು ಸುತ್ತು ನಡೆದರು, ಕೈದಿಗಳ ಸಾಲು ನೋಡುವವರ ಹಾಗೆ. ಮಗಳನ್ನು ಕೂರಿಸಿ ಕೇಳಿದರು. ಆಮೇಲೆ ಅಳಿಯನನ್ನು ಬಾಲ್ಕನಿಗೆ ಕರೆದು ಬಾಗಿಲು ಹಾಕಿಕೊಂಡರು. ನನ್ನ ಮಗಳ ಕೈ ತಪ್ಪುವ ಕೈಯಲ್ಲ, ಯಾರೋ ಕಂಪ್ಯೂಟರಿನ ಒಳಗೆ ಕೈಯಾಡಿಸಿದ್ದಾರೆ ಎಂದರು. ಜೈಲಿನಲ್ಲಿ ಕಳ್ಳನನ್ನು ಗುರುತಿಸುವುದು ಹೇಗೆ ಎಂದೂ ವಿವರಿಸಿದರು: ಅವನು ಕಣ್ಣು ಕೊಟ್ಟು ಮಾತಾಡಲ್ಲ, ಬೆವರುತ್ತಾನೆ, ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾನೆ.

"ಇವತ್ತು ಸೆಕೆ ಜಾಸ್ತಿ ಮಾವ" ಎಂದ ಆಯ್ತಪ್ಪ, ತೊಟ್ಟಿಯಲ್ಲಿದ್ದ ಗಿಡ ನೋಡುತ್ತಾ.

ಮಾವ ಅವನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯ ತೂಕಕ್ಕೆ ಅವನು ಒಂದಿಷ್ಟು ಕುಳ್ಳಗಾದ. "ನೋಡಿ ಅಳಿಯಂದ್ರೇ, ನೀವು ಈ ಬಟನ್ ವಿದ್ಯೆಯಲ್ಲಿ ದೊಡ್ಡವರು. ಪ್ರಶಸ್ತಿ ಬೇರೆ ಬಂದಿದೆ. ಆ ಕಳ್ಳನ್ನ ನೀವೇ ಹಿಡೀಬೇಕು. ಹಿಡಿದು ನನಗೆ ಒಪ್ಪಿಸಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಆಯ್ತು ಮಾವ ಎಂದ. ತನ್ನನ್ನು ತಾನೇ ಹಿಡಿದು ಒಪ್ಪಿಸುವ ಕೆಲಸವನ್ನೂ ಅವನು ಹೀಗೆ ವಹಿಸಿಕೊಂಡ.

ಹಿಡಿಯುವ ಅಗತ್ಯ ಬರಲಿಲ್ಲ. ಮೂರನೆಯ ಲಾರಿ ಬಂದ ದಿನ ಅಂಗಡಿಯ ಯಜಮಾನರು ಸಾಫ್ಟ್‌ವೇರ್ ಕಂಪನಿಗೇ ಹೋಗಿ ಕೇಳುತ್ತೇನೆ ಎಂದು ಹೊರಟರು. ಅವರ ಮಾತು ಸರಳವಾಗಿತ್ತು. ತಪ್ಪು ಕಂಪನಿಯದಾದರೆ ಕನ್ನಡಿ ಅವರು ವಾಪಸು ಕೊಂಡೊಯ್ಯಲಿ. ತಪ್ಪು ನಿನ್ನದಾದರೆ ನಾಳೆಯಿಂದ ನೀನು ಬರಬೇಡ. ಅವಳನ್ನೂ ಜೊತೆಗೆ ಕರೆದುಕೊಂಡರು.

ದೂರು ಬಂದಿದೆ, ನೀವೂ ಕೂರಬೇಕು ಎಂದು ಸಾಹೇಬರು ಹೇಳಿ ಕಳಿಸಿದಾಗ ಆಯ್ತಪ್ಪ ಶೌಚಾಲಯದಲ್ಲಿದ್ದ. ಕರೆಯಲು ಬಂದವನಿಗೆ ಒಳಗಿನಿಂದಲೇ, ನಾನು ಇಲ್ಲ ಅಂತ ಹೇಳು ಎಂದ. ಅವನು ಹೋಗಿ, ಒಳಗೆ ಕೂತು ತಾನು ಇಲ್ಲ ಅಂತ ಹೇಳು ಅಂದ್ರು ಎಂದು ಹಾಗೇ ಹೇಳಿದ. ಮೇಡಂ ಬಂದು ಬಾಗಿಲು ತಟ್ಟಿದರು. ಮೇಡಂ ತಟ್ಟಿದ ಮೇಲೆ ಒಳಗಿರುವುದು ಅವನಿಂದಾಗದ ಕೆಲಸ.

ಮೀಟಿಂಗ್ ಕೋಣೆಯಲ್ಲಿ ಸಾಹೇಬರು, ಮೇಡಂ, ಕನ್ನಡಿ ಅಂಗಡಿಯ ಯಜಮಾನರು. ಅವರ ಪಕ್ಕದಲ್ಲಿ ಅವನ ಹೆಂಡತಿ.

ಅವಳು ಗೇಟಿನಲ್ಲಿ ಫಲಕ ನೋಡಿದಾಗಲೇ ಇದು ಗಂಡನ ಆಫೀಸು ಎಂದು ತಿಳಿದುಕೊಂಡಿದ್ದಳು. ಆದರೆ ಗಂಡನ ವಶೀಲಿಯಿಂದ ಬಚಾವಾದಳು ಎಂದು ನಾಳೆ ಯಾರೂ ಆಡಿಕೊಳ್ಳಬಾರದು ಎಂದು, ಗುರುತೇ ಇಲ್ಲದವಳ ಹಾಗೆ ಕೂತಿದ್ದಳು. ಆಯ್ತಪ್ಪ ಒಳಗೆ ಬಂದಾಗ ಯಜಮಾನರ ಜೊತೆ ಅವಳೂ ಎದ್ದು ನಿಂತಳು.

"ನಮಸ್ಕಾರ ಸಾರ್" ಎಂದಳು.

ಆಯ್ತಪ್ಪ ಜೀವಮಾನದಲ್ಲಿ ಎಷ್ಟೋ ಬಗೆಯ ಹೆದರಿಕೆ ಕಂಡಿದ್ದ. ಹೆಂಡತಿಯ ಬಾಯಲ್ಲಿ ಸಾರ್ ಎಂಬ ಮಾತು ಕೇಳಿದಾಗ ಆದದ್ದು ಅವು ಯಾವುದರ ಜಾತಿಗೂ ಸೇರಿರಲಿಲ್ಲ. ಕುರ್ಚಿ ಎಲ್ಲಿದೆ ಎಂದು ಹಿಂದೆ ಕೈಯಾಡಿಸಿ ಹುಡುಕಿ ಕೂತ.

ಸಾಹೇಬರು ನಯವಾಗಿಯೇ ಶುರುಮಾಡಿದರು. ನಮ್ಮ ಹೊಸ ರೂಪಕ್ಕೆ ಪ್ರಶಸ್ತಿ ಬಂದಿದೆ, ಬೇರೆ ಯಾರೂ ದೂರು ಕೊಟ್ಟಿಲ್ಲ, ಪರದೆಯ ಮೇಲೆ 'ಖಚಿತ' ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ, ಓದಿ ಒತ್ತುವುದು ಒತ್ತುವವರ ಜವಾಬ್ದಾರಿ ಎಂದರು. ಮೇಡಂ ತಲೆಯಾಡಿಸಿದರು. ಅಂಗಡಿಯ ಯಜಮಾನರು ತಮ್ಮ ಉಸ್ತುವಾರಿಯ ಕಡೆ ತಿರುಗಿ, ಈಗೇನು ಹೇಳ್ತೀಯಮ್ಮ ಎಂದರು.

ಅವಳು ಮೇಜಿನ ಮೇಲಿದ್ದ ತನ್ನ ಬಲಗೈಯನ್ನು ನೋಡುತ್ತಾ ಮಾತಾಡಿದಳು. "ನಾನು ಜಗಳಕ್ಕೆ ಬಂದಿಲ್ಲ ಸಾರ್. ನನ್ನ ಕೈಯೇ ತಪ್ಪಿರಬಹುದು. ರದ್ದು ಮಾಡಿದೆ ಅಂತ ಖಂಡಿತ ಅನ್ನಿಸುತ್ತೆ, ನೋಡಿದರೆ ಮಾಡಿರೋದಿಲ್ಲ. ಒಂದು ಸಲ ಅಲ್ಲ, ಮತ್ತೆ ಮತ್ತೆ. ನನಗೆ ಏನೋ ಆಗಿದೆ ಅಂದ್ರೆ ಕೆಲಸ ಬಿಟ್ಟುಬಿಡ್ತೀನಿ. ಅದಕ್ಕೆ ಮುಂಚೆ ತಿಳಿದವರನ್ನ ಒಂದು ಮಾತು ಕೇಳೋಣ ಅಂತ ಬಂದೆ."

ತಿಳಿದವರು ಎನ್ನುವಾಗ ಅವಳು ಕಣ್ಣೆತ್ತಿ ಗಂಡನನ್ನು ನೋಡಿದಳು. ಆ ನೋಟದಲ್ಲಿ ಸಂಶಯ ಇರಲಿಲ್ಲ. ಇದ್ದಿದ್ದರೆ ಅವನು ಬಹುಶಃ ತಪ್ಪಿಸಿಕೊಳ್ಳುತ್ತಿದ್ದ.

ಸಾಹೇಬರು ಆಯ್ತಪ್ಪನಿಗೆ ಹೇಳಿದರು, ನೀವು ವಿವರಿಸಿ, ನಮ್ಮ ಕಡೆಯಿಂದ ಏನೂ ತಪ್ಪಿಲ್ಲ ತಾನೇ? ಹುಬ್ಬು ಮೇಲಿತ್ತು. ಮೇಡಂ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಆಯ್ತಪ್ಪನ ನಾಲಿಗೆ ರೂಢಿಯ ಮಾತಿಗೆ ಮಡಚಿಕೊಂಡಿತ್ತು. ಅವನು ಎದ್ದು ನಿಂತ. ಯಾಕೆ ಎದ್ದೆ ಎಂದು ಅವನಿಗೂ ಗೊತ್ತಿರಲಿಲ್ಲ. ಎದ್ದ ಮೇಲೆ ಬಿಳಿ ಹಲಗೆಯ ಹತ್ತಿರ ಹೋಗಿ, ಎರಡು ಚೌಕ ಬರೆದ. ಚೌಕ ಎನ್ನುವಂತಿರಲಿಲ್ಲ ಅವು, ಆಲೂಗಡ್ಡೆಯ ಹಾಗಿದ್ದವು.

"ಮೊದಲು ರದ್ದು ಬಲಗಡೆ ಇತ್ತು" ಎಂದ. "ಈಗ ಖಚಿತ ಬಲಗಡೆ ಇದೆ. ಅವರ ಕೈ ತಪ್ಪಲಿಲ್ಲ. ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿದೆ. ಬಟನ್ನನ್ನ ನಾನು ಎತ್ತಿ ಆ ಕಡೆ ಇಟ್ಟೆ. ಇನ್ನೊಂದು ಸಲ ಕೇಳೋ ಪೆಟ್ಟಿಗೆ ಇತ್ತು, ಅದನ್ನೂ ತೆಗೆದೆ."

ಹೊರಗೆ ಕಾಗದ ಅಚ್ಚು ಹಾಕುವ ಯಂತ್ರ ಒಂದೇ ಸಮ ಓಡುತ್ತಿತ್ತು.

ಹಾಗಾದರೆ ಆರ್ಡರ್ ಇಷ್ಟೊಂದು ಜಾಸ್ತಿ ಆಗಿದ್ದು ಎಂದು ಸಾಹೇಬರು ನಿಧಾನವಾಗಿ ಕೇಳಿದರು.

"ಅದೂ ಇದೇ ಸಾರ್."

ಸಾಹೇಬರ ಹುಬ್ಬು ಮೊದಲ ಸಲ ಕೆಳಗಿಳಿಯಿತು. ಎಲ್ಲ ಊರಿನ ವ್ಯಾಪಾರಸ್ಥರೂ ಎಂಬ ತಮ್ಮದೇ ಮಾತು ಅವರಿಗೆ ಆಗ ನೆನಪಾಗಿರಬೇಕು. ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿದರು, ಮೇಡಂ ಮುಂದಿದ್ದ ಬಾಟಲಿಯದನ್ನೂ ಕುಡಿದರು.

ಆಮೇಲಿನದು ಬೇಗ ಬೇಗ ಆಯಿತು. ಗೋದಾಮಿನ ಬಟನ್ನುಗಳು ಆ ದಿನವೇ ಹಳೇ ಜಾಗಕ್ಕೆ ಹೋದವು, ಕೇಳುವ ಪೆಟ್ಟಿಗೆಯೂ ವಾಪಸು ಬಂತು. ಕಂಪನಿಯವರು ಲಾರಿ ಕಳಿಸಿ ಕನ್ನಡಿಗಳನ್ನು ಸಾಗಿಸಿದರು. ಕಾರ್ಯದರ್ಶಿಯವರು ಒಂದನ್ನಾದರೂ ಲಿಫ್ಟಿನ ಪಕ್ಕ ಬಿಟ್ಟುಹೋಗಿ ಎಂದು ಕೇಳಿಕೊಂಡರಂತೆ. ಬೇರೆ ಊರುಗಳಿಂದ ಟೈರಿನವರು, ಬಕೆಟ್ಟಿನವರು ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದರು. ಅಷ್ಟು ದಿನ ಅವರೆಲ್ಲ ತಮ್ಮ ತಮ್ಮ ಗುಮಾಸ್ತರನ್ನು ಬೈದುಕೊಂಡು ಕೂತಿದ್ದರು. ಏಕರೂಪ ವಿಭಾಗವನ್ನು ಮೇಡಂಗೆ ಒಪ್ಪಿಸಲಾಯಿತು. ಆಯ್ತಪ್ಪನನ್ನು ಕೆಲಸದಿಂದ ತೆಗೆಯಬೇಕೆಂದು ಸಾಹೇಬರಿಗೆ ಇತ್ತು. ಆದರೆ ವರ್ಷದ ಅತ್ಯುತ್ತಮ ನೌಕರನ ಫೋಟೋ ಕಂಪನಿಯ ಕ್ಯಾಲೆಂಡರಿನಲ್ಲಿ ಆಗಲೇ ಅಚ್ಚಾಗಿ ಎಲ್ಲ ಗಿರಾಕಿಗಳಿಗೂ ಹೋಗಿತ್ತು. ಅವನನ್ನು ದೂರುಗಳಿಗೆ ಉತ್ತರ ಕೊಡುವ ಮೇಜಿಗೆ ಹಾಕಿದರು. ಅಲ್ಲಿ ಫೋನ್ ನಿಲ್ಲುವುದೇ ಇಲ್ಲ.

ನಿಜ ಹೇಳಿದ ದಿನದ ಸಂಜೆ ಮನೆಗೆ ಹೋಗಲು ಅವನಿಗೆ ಕಾಲು ಬರಲಿಲ್ಲ. ಎರಡು ಸ್ಟಾಪು ಮುಂಚೆ ಇಳಿದು ನಡೆದ. ಮನೆಯೊಳಗೆ ಹೆಂಡತಿ ಫೋನಿನಲ್ಲಿದ್ದಳು. ಆ ಕಡೆ ಮಾವ. ಅವರು ಹಿಂದಿನ ದಿನ ಊರಿಗೆ ಹೋಗಿದ್ದರು. ಅವರು ಮಾತಾಡುವ ಜೋರಿಗೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿದಿದ್ದರಿಂದ ಆಯ್ತಪ್ಪನಿಗೂ ಎಲ್ಲ ಕೇಳುತ್ತಿತ್ತು. ಅವನು ಚೀಲ ಹಿಡಿದುಕೊಂಡೇ ಬಾಗಿಲಲ್ಲಿ ನಿಂತ.

ಅವಳು ಅವನನ್ನು ನೋಡಿದಳು. ನೋಡುತ್ತಲೇ ಫೋನಿಗೆ ಹೇಳಿದಳು: "ನನ್ನ ಕೈ ಸರಿಯಾಗೇ ಇತ್ತಂತೆ ಅಪ್ಪ."

ನಾನು ಹೇಳಲಿಲ್ಲವಾ ಎಂದರು ಮಾವ. ಕಳ್ಳ ಯಾರು, ಸಿಕ್ಕಿದನಾ?

"ಸಿಕ್ಕಿದ. ಯಾರೋ ಆಫೀಸಿನವನು. ಪಾಪ, ತುಂಬಾ ಹೆದರಿದ್ದ."

ಆಯ್ತಪ್ಪನ ಕೈಯಲ್ಲಿದ್ದ ಚೀಲ ಜಾರಿತು. ಅದನ್ನು ಎತ್ತಿಕೊಳ್ಳಲೂ ಅವನಿಗೆ ಧೈರ್ಯ ಬರಲಿಲ್ಲ. ಫೋನಿನಿಂದ ಮಾವನ ದನಿ ಗೋಡೆಗೆ ಬಡಿಯುವಂತೆ ಬಂತು: ಅಂಥವನನ್ನ ಸುಮ್ಮನೆ ಬಿಟ್ಟುಬಿಟ್ಟೆಯಾ?

ಅವಳು ಬಲಗೈಯಿಂದ ಗಂಡನಿಗೆ ಒಳಗೆ ಬಂದು ಬಾಗಿಲು ಹಾಕುವಂತೆ ಸನ್ನೆ ಮಾಡಿದಳು.

"ಇಲ್ಲಪ್ಪ" ಎಂದಳು. "ಬಿಟ್ಟಿಲ್ಲ."